ಅದಿರು ನಿಂತ ಮೇಲೆ ಕುದುರೆಮುಖ

ಗಣಿಯಿಂದಲೇ ಹುಟ್ಟಿದ ಊರು ಗಣಿ ಮುಚ್ಚಿದ ಮೇಲೆ ಏನಾಗುತ್ತದೆ? ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿ ಇದಕ್ಕೊಂದು ಉತ್ತರ ಕಂಡುಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳ್ಳಿ ಗಣಿಗಳಿಂದ ಬೆಳೆದ ಊರದು. ಗಣಿಗಳು ಸೊರಗಿದಾಗ, 1963ರಲ್ಲಿ ಗಣಿ ಕಂಪೆನಿಯೇ ಹಿಮದ ಇಳಿಜಾರಿನಲ್ಲಿ ಸ್ಕೀ ತಾಣ ತೆರೆಯಿತು. ಕೆಲವು ವರ್ಷ ಹಿಮದಾಟಕ್ಕೆ ಬಂದವರನ್ನು ಗಣಿಯ ರೈಲಿನಲ್ಲೇ ಬೆಟ್ಟದ ಹೊಟ್ಟೆಯೊಳಗೆ ಒಯ್ದು, ಗಣಿಯ ಲಿಫ್ಟಿನಲ್ಲಿ ಮೇಲಕ್ಕೆ ಏರಿಸುತ್ತಿದ್ದರು. 2002ರ ಚಳಿಗಾಲದ ಒಲಿಂಪಿಕ್ಸ್‌ನ ಹಲವು ಸ್ಪರ್ಧೆಗಳು ಅಲ್ಲಿ ನಡೆದವು.

ಅದೇ 2002ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಗಣಿಯ ಭವಿಷ್ಯವೂ ತೀರ್ಮಾನವಾಯಿತು. ಆದರೆ ಅದು ಬೇರೆ ಬಗೆಯ ತೀರ್ಮಾನ.

ಪುತ್ತೂರು ಕಡೆಯಿಂದ ಉಪ್ಪಿನಂಗಡಿ, ಗುರುವಾಯನಕೆರೆ, ನಾರಾವಿ, ಬಜಗೋಳಿ ದಾರಿಯಾಗಿ ಘಟ್ಟ ಹತ್ತಿದರೆ ಎಸ್.ಕೆ. ಬಾರ್ಡರ್ ಸಿಗುತ್ತದೆ. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಎಂಬುದಕ್ಕೆ ಉಳಿದಿರುವ ಹೆಸರಿದು. ಅದನ್ನು ದಾಟಿದರೆ ಕುದುರೆಮುಖ ಪಟ್ಟಣ. ಕುದುರೆಯ ಮೋರೆಯಂತೆ ಕಾಣುವ ಸುಮಾರು 1,890 ಮೀಟರ್ ಎತ್ತರದ ಶಿಖರವೇ ಈ ಹೆಸರಿಗೆ ಕಾರಣ.

ಇಲ್ಲಿನ ಕಬ್ಬಿಣದ ಅದಿರನ್ನು 1913ರಲ್ಲಿ ಗುರುತಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಗಣಿಗಾರಿಕೆಗೆ ನಿಜವಾದ ಚಾಲನೆ ದೊರೆತದ್ದು 1975ರ ಇರಾನ್ ಒಪ್ಪಂದದಿಂದ. ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, ಭಾರತ ಅದಿರು ಕಳುಹಿಸಬೇಕು ಎಂಬುದು ಕರಾರು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಆದರೆ 1979ರಲ್ಲಿ ಷಾ ಆಳ್ವಿಕೆ ಉರುಳಿತು. ಹಣವೂ ಪೂರ್ತಿ ಬರಲಿಲ್ಲ, ಕೊಳ್ಳುವವರೂ ಇಲ್ಲವಾದರು. ಭಾರತವೇ ಕೆಲಸ ಮುಗಿಸಿ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು.

ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡಾ 38ರಷ್ಟು ಮಾತ್ರ. ಹಾಗಾಗಿ ಕಲ್ಲನ್ನು ಪುಡಿ ಮಾಡಿ, ಕಬ್ಬಿಣದ ಅಂಶ ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದರು. ಉಳಿದ ಕೆಸರು ಸೇರುತ್ತಿದ್ದುದು ಲಕ್ಯಾ ಅಣೆಕಟ್ಟಿನ ಹಿಂದೆ. ಕಾಡಿನ ನಡುವೆ ಮನೆ, ಶಾಲೆ, ಆಸ್ಪತ್ರೆಗಳಿದ್ದ ಊರು ತಲೆಯೆತ್ತಿತು. ಸಾವಿರಾರು ಜನರಿಗೆ ಅದು ಅನ್ನ ಕೊಟ್ಟಿತು.

ಅದೇ ಕಾಡು ಸಿಂಗಳೀಕಗಳ ನೆಲೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದೂ ಇದೇ ಬೆಟ್ಟಸಾಲಿನಲ್ಲಿ. ಗಣಿಯ ಹೂಳು ಭದ್ರೆಯನ್ನು ಸೇರುತ್ತಿದೆ ಎಂಬ ದೂರು ಬಲವಾಯಿತು. 1969ರಲ್ಲಿ 30 ವರ್ಷಕ್ಕೆ ಕೊಟ್ಟ ಗುತ್ತಿಗೆ 1999ಕ್ಕೆ ಮುಗಿದಾಗ ಜನ ಬೀದಿಗಿಳಿದರು. ಮಾಜಿ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟ್ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪಿನ ಪ್ರಕಾರ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು.

ಮಂಗಳೂರಿನ ಪೆಲೆಟ್ ಕಾರ್ಖಾನೆ ಬೇರೆಡೆಯ ಅದಿರನ್ನು ನಂಬಬೇಕಾಯಿತು. ಗಣಿಯ ಊರು ಖಾಲಿಯಾಗತೊಡಗಿತು, ಮನೆಗಳ ಮೇಲೆ ಪಾಚಿ ಬೆಳೆಯಿತು. ಇಲ್ಲೊಂದು ಪ್ರವಾಸಿ ತಾಣ ಮಾಡೋಣ ಎಂಬ ಮಾತು ಎದ್ದದ್ದು ಸಹಜವೇ. ಆದರೆ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನ. ಶಿಖರಕ್ಕೆ ಚಾರಣ ಹೋಗಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಪಾರ್ಕ್ ಸಿಟಿಯ ದಾರಿ ಕುದುರೆಮುಖಕ್ಕೆ ಒಗ್ಗದಿರುವುದಕ್ಕೆ ಹಿಮವಿಲ್ಲ ಎಂಬುದಷ್ಟೇ ಕಾರಣವಲ್ಲ. ಅಲ್ಲಿ ಹಿಮವೇ ಊರಿನ ಎರಡನೆಯ ಬಂಡವಾಳವಾಯಿತು. ಇಲ್ಲಿ ಬೆಟ್ಟದ ಸಂಪತ್ತೆಂದರೆ ಮಳೆ. ಅದನ್ನು ಶೋಲಾ ಕಾಡೂ ಹುಲ್ಲುಗಾವಲೂ ಹೀರಿಟ್ಟು ನಿಧಾನವಾಗಿ ಹೊಳೆಗೆ ಬಿಡುತ್ತವೆ. ಉಪ್ಪಿನಂಗಡಿಯಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರೆಯನ್ನು ಕೂಡುವ ನೇತ್ರಾವತಿಗೂ ಬೇಸಿಗೆಯಲ್ಲಿ ಆಸರೆ ಇಂಥ ಬೆಟ್ಟಗಳೇ. ಕೆಲಸ ಕಳೆದುಕೊಂಡ ಊರಿನ ನಷ್ಟ ಕಣ್ಣಿಗೆ ಕಾಣುತ್ತದೆ. ಉಳಿದ ಬೆಟ್ಟದ ಲಾಭ ಕೆಳಗಿನ ತೋಟಗಳ ಕೆರೆ ಬಾವಿಗಳಲ್ಲಿದೆ, ಅದನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ.