ನವೆಂ

ಕೊಂಕಣಿಯಲ್ಲಿ ‘ನವೆಂ’ ಅಂದರೆ ಹೊಸತು, ಅಷ್ಟೇ. ಬಟ್ಟೆಗೂ ಅದೇ ಮಾತು, ಮನೆಗೂ ಅದೇ. ಆದರೆ ಸೆಪ್ಟೆಂಬರ್ 8ರಂದು ಮಂಗಳೂರು ಕಡೆಯ ಕಥೊಲಿಕರ ಮನೆಗಳಲ್ಲಿ ನವೆಂಗೆ ಒಂದೇ ಅರ್ಥ: ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ಹೊಸ ಅಕ್ಕಿ ಊಟ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಮನೆಯ ಅಲ್ತಾರಿನ (ದೇವರ ಪೀಠದ) ಮುಂದೆ ಪ್ರಾರ್ಥನೆ ಮುಗಿಸಿ, ನಾಲ್ಕು ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆ. ಮೀನಿಲ್ಲದೆ ತುತ್ತು ಇಳಿಯದ ಮನೆಗಳಲ್ಲೂ ಅಂದು ಹರಿವೆ, ಕೆಸುವಿನ ದಂಟು, ಅಮಟೆಕಾಯಿ, ತೊಂಡೆಕಾಯಿಯದೇ ಕಾರುಬಾರು. ಪದಾರ್ಥಗಳ ಲೆಕ್ಕ ಬೆಸವಾಗಿಯೇ ಇರಬೇಕು. ಬಲಿಪೂಜೆ ನಡೆಸಲು ಪಾದ್ರಿ ಬೇಕು, ನವೆಂಗೆ ಮನೆಮಂದಿಯೇ ಸಾಕು. ಕ್ರೈಸ್ತ ನಂಬಿಕೆಯ ಅರ್ಧ ಬದುಕು ಅಡುಗೆಮನೆಯಲ್ಲಿದೆ ಎಂದು ವಾದಿಸುವವರಿಗೆ ಇಷ್ಟು ಗಟ್ಟಿ ಸಾಕ್ಷಿ ಬೇರೆ ಸಿಗಲಾರದು.

ಇದರಲ್ಲಿ ಕ್ರೈಸ್ತರದ್ದೇನಿದೆ ಎಂಬ ತಕರಾರು ಹಳೆಯದು. ತುಳುವರಿಗೆ ಪುದ್ವಾರ್ ಇದೆ, ಕೊಡವರಿಗೆ ಹುತ್ತರಿ ಇದೆ. ಹೊಸ ಅಕ್ಕಿ ಉಣ್ಣುವುದು ಈ ನೆಲದ ರೂಢಿ, ಮರಿಯಮ್ಮನ ಹೆಸರು ಮೇಲೆ ಹೊದಿಸಿದ್ದು ಅನ್ನುತ್ತಾರೆ. ನೆಲದ ರೂಢಿ ಅನ್ನುವುದು ನಿಜ, ಅದನ್ನು ಮುಚ್ಚಿಡಬೇಕಾದ್ದೂ ಇಲ್ಲ. ಬರೀ ಹೊದಿಕೆ ಅನ್ನುವವರು ಮಾತ್ರ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ತಂದವನು ಅಲ್ಲಿ ಹೇಳಬೇಕಾದದ್ದು ಮನೆತನದ ಕಥೆ: ಅಲೆಮಾರಿಯಾಗಿದ್ದ ಪೂರ್ವಜ, ಈಜಿಪ್ಟಿನ ಜೀತ, ಬಿಡುಗಡೆ, ಕೊನೆಗೆ ದಕ್ಕಿದ ಈ ಮಣ್ಣು. ಹೇಳಿ ಮುಗಿಸಿ ಮನೆಯವರೊಂದಿಗೆ, ಊರಲ್ಲಿ ನೆಲೆಸಿದ ಪರದೇಶಿಯೊಂದಿಗೂ ಸಂಭ್ರಮಿಸಬೇಕು. ಮಂಗಳೂರು ಕಥೊಲಿಕರ ಬುಟ್ಟಿಯಲ್ಲೂ ಅಂಥದ್ದೇ ಕಥೆಯಿದೆ. ಗೋವಾದಿಂದ ವಲಸೆ ಬಂದದ್ದು, 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದದ್ದು, 1799ರ ಬಳಿಕ ಉಳಿದವರು ಮರಳಿ ಬಂದು ಮತ್ತೆ ಗದ್ದೆ ಕಟ್ಟಿದ್ದು.

ಇನ್ನೊಂದು ಆಕ್ಷೇಪಕ್ಕೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಗದ್ದೆ ಈಗ ಎಷ್ಟು ಮನೆಗಿದೆ? ಹಲವೆಡೆ ಅದು ಅಡಿಕೆ ತೋಟವಾಗಿದೆ, ಸೈಟುಗಳಾಗಿದೆ. ಬೆಂಗಳೂರಿನ ಫ್ಲಾಟಿಗೆ ಬರುವ ತೆನೆ ಯಾರದೋ ಹೊಲದ್ದು; ದುಬೈಯಲ್ಲಿರುವ ಮಗನಿಗೆ ತಲುಪುವುದು ಲಕೋಟೆಯೊಳಗಿನ ಒಣಗಿದ ಕಾಳು. ಬೆಳೆಯದವರು ಬೆಳೆಗೆ ಕೃತಜ್ಞತೆ ಹೇಳುವುದು ನಾಟಕವಲ್ಲವೇ? ಆದರೆ ಆ ಲಕೋಟೆಯನ್ನೇ ಗಮನಿಸಿ. ಬೆಳೆ ಕೈಬಿಟ್ಟ ಮೇಲೂ ‘ನವೆಂ’ ಎಂಬ ಪದ ಉಳಿದದ್ದು ಪಾಲಿನ ಅರ್ಥದಲ್ಲಿ. ಎದುರಿಗಿಲ್ಲದವರಿಗೂ ಒಂದು ಕಾಳು ಎತ್ತಿಡುವಾಗ ಅದು ನಮ್ಮವರು ಯಾರು ಎಂಬ ಲೆಕ್ಕವೂ ಹೌದು, ಪ್ರಾರ್ಥನೆಯೂ ಹೌದು. ಈ ರೂಢಿಯಲ್ಲಿ ನಿಜಕ್ಕೂ ಸವೆದಿರುವುದು ಕಥೆ: ಊಟ ಉಳಿದ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗಿದೆ. ಬರುವ ಸೆಪ್ಟೆಂಬರಿನಲ್ಲಿ ಪಾಯಸ ಹಂಚುವ ಹಿರಿಯರು, ಅದು ಆರುವ ಮೊದಲು, ಆ ಕಥೆಯನ್ನೂ ಮಕ್ಕಳಿಗೆ ಹೇಳಲಿ.