ಮತ ಕೊಟ್ಟವರ ಹೆಸರು

ದುಡಿಮೆಗಾರರಿಗೆ ಸಂಬಂಧಿಸಿದ ಮಸೂದೆಯೊಂದು ಬಂದಾಗ ತನ್ನ ಕ್ಷೇತ್ರದ ಪ್ರತಿನಿಧಿಯು ಹೌದೆಂದನೋ ಅಲ್ಲವೆಂದನೋ ಎಂಬುದನ್ನು ತಿಳಿಯಬಯಸುವ ಷಿಕಾಗೊ ಅಥವಾ ಡೆಟ್ರಾಯಿಟ್ ನಗರದ ಕಾರ್ಮಿಕನು ಅದಕ್ಕಾಗಿ ಯಾರ ಕೃಪೆಯನ್ನೂ ಕಾಯಬೇಕಾಗಿಲ್ಲ. ಷಿಕಾಗೊವನ್ನೊಳಗೊಂಡ ಇಲಿನಾಯ್ಸ್ ಸಂಸ್ಥಾನದ ಸಂವಿಧಾನವೂ ಡೆಟ್ರಾಯಿಟನ್ನೊಳಗೊಂಡ ಮಿಷಿಗನ್ ಸಂಸ್ಥಾನದ ಸಂವಿಧಾನವೂ, ಮಸೂದೆಯ ಅಂತಿಮ ಅಂಗೀಕಾರದ ವೇಳೆಯಲ್ಲಿ ಸದಸ್ಯರ ಮತಗಳು ದಾಖಲೆಯಾಗಬೇಕೆಂದು ವಿಧಿಸಿವೆ. ಅಂದು ಹಾಜರಿದ್ದವರ ಬಹುಮತ ಸಾಲದು, ಚುನಾಯಿತರಾದವರೆಲ್ಲರ ಲೆಕ್ಕದಲ್ಲಿ ಬಹುಮತವಿರಬೇಕೆಂದೂ ಕಟ್ಟಳೆ ಮಾಡಿವೆ. 2020ರ ಸೆಪ್ಟೆಂಬರಿನಲ್ಲಿ, ವಿರೋಧ ಪಕ್ಷಗಳು ಹೊರಗುಳಿದಿದ್ದ ನಮ್ಮ ರಾಜ್ಯಸಭೆಯಲ್ಲಿ ಧ್ವನಿಮತದಿಂದ ತೇರ್ಗಡೆಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಗೆ ಯಾರು ಯಾರು ಸಮ್ಮತಿಸಿದರೆಂಬ ಪಟ್ಟಿಯನ್ನು ನಾವು ಎಲ್ಲಿಯೂ ಕಾಣೆವು. ಆದಕಾರಣ ಅಮೆರಿಕದ ಪದ್ಧತಿಯನ್ನು ಕಂಡು ನನಗೆ ತುಸು ಅಸೂಯೆಯೇ ಆಗುತ್ತದೆ. ಆದರೂ ಅಲ್ಲಿನ ಒಂದೂವರೆ ಶತಮಾನದ ಚರಿತ್ರೆಯನ್ನು ಅವಲೋಕಿಸಿದರೆ, ಮತದ ಹಿಂದೆಮುಂದೆ ಸೇರಿಕೊಳ್ಳುವ ಸಣ್ಣ ಅಕ್ಷರಗಳ ಷರತ್ತುಗಳೇ ಎಷ್ಟೋ ಬಾರಿ ಕಾರ್ಮಿಕನ ಭಾಗ್ಯವನ್ನು ನಿರ್ಣಯಿಸಿದುವೆಂಬುದು ಗೋಚರವಾಗುತ್ತದೆ.

ಇದಕ್ಕೆ ಮೊದಲ ನಿದರ್ಶನ 1867ರದು. ಅಂತರ್ಯುದ್ಧ ಮುಗಿದು ಎರಡು ವರ್ಷಗಳಾಗಿದ್ದ ಆ ಕಾಲದಲ್ಲಿ, ಆಂಡ್ರ್ಯೂ ಕ್ಯಾಮರಾನ್ ಎಂಬ ಪತ್ರಿಕಾ ಸಂಪಾದಕನೇ ಮೊದಲಾದವರ ಪ್ರಯತ್ನದಿಂದ, ಇಲಿನಾಯ್ಸ್ ಶಾಸನಸಭೆಯು ಎಂಟು ಗಂಟೆಗಳ ದುಡಿಮೆಯೇ ಶಾಸನಸಮ್ಮತವಾದ ಒಂದು ದಿನದ ಕೆಲಸವೆಂದು ಗೊತ್ತುಮಾಡಿತು. ಗವರ್ನರ್ ರಿಚರ್ಡ್ ಓಗಲ್ಸ್‌ಬಿ ಅದಕ್ಕೆ ಅಂಕಿತ ಹಾಕಿದನು. ಮೇ 1ರಂದು ಶಾಸನ ಜಾರಿಗೆ ಬಂದಾಗ ಸಹಸ್ರಾರು ಕಾರ್ಮಿಕರು ಷಿಕಾಗೊ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಆದರೆ ಆ ಶಾಸನದೊಳಗೆ, ಇದಕ್ಕೆ ವಿರುದ್ಧವಾದ ವಿಶೇಷ ಕರಾರು ಇಲ್ಲದಿದ್ದ ಪಕ್ಷದಲ್ಲಿ ಎಂಬೊಂದು ವಾಕ್ಯಖಂಡ ಅಡಗಿದ್ದಿತು. ಮಾಲೀಕರು ಹತ್ತು ಗಂಟೆಗಳ ಕರಾರಿಗೆ ರುಜು ಹಾಕಿದವನಿಗೆ ಮಾತ್ರ ಕೆಲಸವೆಂದರು. ಮುಷ್ಕರವು ಕೆಲವು ದಿನಗಳಲ್ಲಿಯೇ ಕುಸಿಯಿತು. ಶಾಸಕರು ಮತವನ್ನು ಕಾರ್ಮಿಕರಿಗೆ ಕೊಟ್ಟು ಫಲವನ್ನು ಮಾಲೀಕರಿಗೆ ಕೊಟ್ಟರೆಂದು ಹೇಳಿದರೆ ಅದು ಕಟುನುಡಿಯಾಗಲಾರದು. ನಮ್ಮ ಕರ್ನಾಟಕವು 2023ರ ಫೆಬ್ರವರಿಯಲ್ಲಿ, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆಗಳವರೆಗೂ ದುಡಿಸಿಕೊಳ್ಳಬಹುದೆಂದು ಕಾರ್ಖಾನೆ ಕಾಯಿದೆಯನ್ನು ತಿದ್ದಿದಾಗ ಕಾರ್ಮಿಕನ ಲಿಖಿತ ಸಮ್ಮತಿಯಿರಬೇಕೆಂಬ ಮಾತನ್ನೂ ಸೇರಿಸಿತು. ಕೂಲಿಯ ಅಗತ್ಯವುಳ್ಳವನ ರುಜುವಿಗೆ ಎಷ್ಟು ಬೆಲೆಯೆಂಬುದನ್ನು ಷಿಕಾಗೊ 1867ರಲ್ಲಿಯೇ ಕಂಡಿದ್ದಿತು.

ಅದೇ ಎಂಟು ಗಂಟೆಗಳ ಬೇಡಿಕೆ 1886ರ ಮೇ ತಿಂಗಳಿನಲ್ಲಿ ಷಿಕಾಗೊ ನಗರದ ಹೇಮಾರ್ಕೆಟ್ ಚೌಕದ ರಕ್ತಪಾತದಲ್ಲಿ ಪರಿಣಮಿಸಿದುದು, ಮಾರನೆಯ ವರ್ಷ ನಾಲ್ವರು ಗಲ್ಲಿಗೇರಿದುದು ಲೋಕವಿದಿತ. ಗಲ್ಲಿನ ಮುನ್ನಾದಿನ ಇಬ್ಬರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದ ಗವರ್ನರನು, ಇಪ್ಪತ್ತು ವರ್ಷಗಳ ಹಿಂದೆ ಆ ಶಾಸನಕ್ಕೆ ಅಂಕಿತವಿತ್ತ ಓಗಲ್ಸ್‌ಬಿಯೇ.

1893ರಲ್ಲಿ ಗವರ್ನರ್ ಆಲ್ಟ್‌ಗೆಲ್ಡ್ ಆ ಪ್ರಕರಣದಲ್ಲಿ ಇನ್ನೂ ಸೆರೆಯಲ್ಲುಳಿದಿದ್ದ ಮೂವರನ್ನು ಬಿಡುಗಡೆ ಮಾಡಿದನು. ಆ ವರ್ಷವೇ ಕಾರ್ಖಾನೆ ಶಾಸನವೊಂದು ಅಂಗೀಕೃತವಾಯಿತು. ಹಲ್ ಹೌಸ್ ಎಂಬ ಸೇವಾಶ್ರಮದಲ್ಲಿ ವಾಸವಾಗಿದ್ದ ಫ್ಲಾರೆನ್ಸ್ ಕೆಲ್ಲಿ ಎಂಬ ವಿದುಷಿಯು, ಶಾಸನಸಭೆಯ ಸಮಿತಿಯು ಷಿಕಾಗೊಗೆ ಬಂದಾಗ ಅದರ ಸದಸ್ಯರನ್ನು ದರ್ಜಿಗಳ ಕತ್ತಲೆಕೋಣೆಗಳೊಳಕ್ಕೆ ಕರೆದೊಯ್ದು, ಮಕ್ಕಳು ಉಡುಪುಗಳ ನಡುವೆ ಕೂತು ಹೊಲಿಯುತ್ತಿದ್ದುದನ್ನು ಕಣ್ಣಾರೆ ಕಾಣಿಸಿದಳು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಕೂಡದು, ಸ್ತ್ರೀಯರನ್ನು ಎಂಟು ಗಂಟೆಗೆ ಮೀರಿ ದುಡಿಸಕೂಡದು ಎಂದು ಶಾಸನವಾಯಿತು. ಕೆಲ್ಲಿಯೇ ಮುಖ್ಯ ಪರೀಕ್ಷಕಿಯಾದಳು. ಎರಡೇ ವರ್ಷಗಳಲ್ಲಿ, ರಿಚಿ ಎಂಬ ಕಾಗದದ ಪೆಟ್ಟಿಗೆಗಳ ತಯಾರಕನ ವ್ಯಾಜ್ಯದಲ್ಲಿ, ಇಲಿನಾಯ್ಸ್ ಸರ್ವೋಚ್ಚ ನ್ಯಾಯಾಲಯವು ಎಂಟು ಗಂಟೆಯ ವಿಧಿಯು ಕರಾರಿನ ಸ್ವಾತಂತ್ರ್ಯಕ್ಕೆ ಭಂಗವೆಂದು ತಳ್ಳಿಹಾಕಿತು. 1909ರಲ್ಲಿ ಕೈಗವಸು ಹೊಲಿಯುವ ಕೆಲಸದಿಂದ ಬಂದ ಆಗ್ನೆಸ್ ನೆಸ್ಟರ್, ಹೋಟೆಲಿನಲ್ಲಿ ಬಡಿಸುವ ಕೆಲಸದಿಂದ ಬಂದ ಎಲಿಜಬೆತ್ ಮಲೋನಿ ಮುಂತಾದ ಸ್ತ್ರೀಯರು ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ಶಾಸಕರೊಡನೆ ವಾದಿಸಿ, ಎಂಟನ್ನು ಕೇಳಿ ಹತ್ತನ್ನು ಪಡೆದರು. ರಿಚಿಯ ಸಂಸ್ಥೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿ, 1910ರಲ್ಲಿ ಸೋತಿತು. ಇಲಿನಾಯ್ಸ್ ಸ್ತ್ರೀಯರಿಗೆ ಎಂಟು ಗಂಟೆಯ ಶಾಸನ ಕೈಗೂಡಿದುದು 1937ರಲ್ಲಿ.

ಡೆಟ್ರಾಯಿಟಿನ ಕಥೆಗೆ ಪೀಠಿಕೆ ಬೇರೆ. 1947ರಲ್ಲಿ ಅಧ್ಯಕ್ಷ ಟ್ರೂಮನ್ನರ ನಿಷೇಧವನ್ನು ಕೆಳಮನೆಯಲ್ಲಿ 331ಕ್ಕೆ 83, ಸೆನೆಟಿನಲ್ಲಿ 68ಕ್ಕೆ 25 ಮತಗಳಿಂದ ಮೀರಿ ಜಾರಿಗೆ ಬಂದ ಟಾಫ್ಟ್-ಹಾರ್ಟ್ಲಿ ಕಾಯಿದೆಯು, ಕಾರ್ಮಿಕ ಸಂಘಕ್ಕೆ ವಂತಿಗೆ ಕೊಡದವನೂ ಸಂಘದ ಒಪ್ಪಂದದ ಫಲವನ್ನುಣ್ಣಬಹುದೆಂಬ ಶಾಸನವನ್ನು ಮಾಡಲು ಆಯಾ ಸಂಸ್ಥಾನಗಳಿಗೆ ಅವಕಾಶವಿತ್ತಿತು. ರೈಟ್ ಟು ವರ್ಕ್ ಎಂದು ಪ್ರಸಿದ್ಧವಾದ ಆ ಶಾಸನ ಮೋಟಾರು ಕಾರ್ಮಿಕ ಸಂಘದ ತವರಾದ ಮಿಷಿಗನ್ನಿಗೆ ಕಾಲಿಡಲಾರದೆಂದೇ ಬಹುಕಾಲ ಎಲ್ಲರೂ ಭಾವಿಸಿದ್ದರು. 2012ರ ನವೆಂಬರಿನಲ್ಲಿ, ಸಾಮೂಹಿಕ ಚೌಕಾಸಿಯ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂಬ ಸೂಚನೆಯನ್ನು ಮತದಾರರು ತಿರಸ್ಕರಿಸಿದರು. ಅದೇ ಚುನಾವಣೆಯಲ್ಲಿ ಕೆಳಮನೆಯ ರಿಪಬ್ಲಿಕನ್ನರು 64ರಿಂದ 59ಕ್ಕೆ ಇಳಿದಿದ್ದರು; ಹೊಸಬರು ಬಂದು ಕೂರುವ ಮೊದಲೇ, ಅವಧಿ ತೀರುತ್ತಿದ್ದ ಸಭೆಯು ಡಿಸೆಂಬರಿನಲ್ಲಿ ಮಸೂದೆಯನ್ನೆತ್ತಿಕೊಂಡಿತು. ಹೊರಗೆ ಹತ್ತು ಸಾವಿರಕ್ಕೂ ಮಿಕ್ಕ ಜನ ನೆರೆದಿದ್ದರು. ಸೆನೆಟಿನಲ್ಲಿ 22ಕ್ಕೆ 16, ಕೆಳಮನೆಯಲ್ಲಿ 58ಕ್ಕೆ 52. ಅಲ್ಲಿ ನಾಲ್ವರು, ಇಲ್ಲಿ ಆರು ಮಂದಿ ರಿಪಬ್ಲಿಕನ್ನರು ತಮ್ಮ ಪಕ್ಷದ ವಿರುದ್ಧ ಮತವಿತ್ತರು; ಹೆಸರಿನ ಪಟ್ಟಿಯ ಉಪಯೋಗ ತೋರುವುದು ಇಂಥಲ್ಲಿ. ಆದರೆ ಶಾಸನದೊಳಗೆ ಹತ್ತು ಲಕ್ಷ ಡಾಲರುಗಳ ಅನುದಾನವನ್ನೂ ಸೇರಿಸಿದ್ದರು. ಹಣ ಮಂಜೂರು ಮಾಡುವ ಶಾಸನವನ್ನು ಜನಮತಗಣನೆಗೆ ಒಡ್ಡುವಂತಿಲ್ಲವೆಂಬುದು ಆ ಸಂಸ್ಥಾನದ ಸಂವಿಧಾನದ ನಿಯಮ! ಶಾಸನ ಜಾರಿಗೆ ಬಂದುದು 2013ರ ಮಾರ್ಚಿ 28ರಂದು. ಅದಕ್ಕೆ ಮೊದಲೇ ಡೆಟ್ರಾಯಿಟಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯವು ಆ ಶಾಸನ ತಟ್ಟದಂತೆ ತನ್ನ ಅಧ್ಯಾಪಕರ ಸಂಘದೊಡನೆ ಎಂಟು ವರ್ಷಗಳ ಒಪ್ಪಂದ ಮಾಡಿಕೊಂಡಿತು.

ಅಂದು ಸೆನೆಟಿನಲ್ಲಿ ವಿರೋಧಿಗಳ ನಾಯಕಿಯಾಗಿದ್ದವಳು ಗ್ರೆಚನ್ ವಿಟ್ಮರ್. ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಡೆಮಾಕ್ರಾಟರು ಎರಡು ಮನೆಗಳನ್ನೂ ಗೆದ್ದ ಮೇಲೆ, 2023ರ ಮಾರ್ಚಿ 24ರಂದು, ಗವರ್ನರಳಾಗಿ ಆ ಶಾಸನದ ರದ್ದತಿಗೆ ರುಜು ಹಾಕಿದವಳೂ ಆಕೆಯೇ. ಕೆಳಮನೆಯಲ್ಲಿ 56ಕ್ಕೆ 54, ಸೆನೆಟಿನಲ್ಲಿ 20ಕ್ಕೆ 18 ಎಂಬಷ್ಟೇ ಬಲವಿದ್ದುದರಿಂದ ಒಬ್ಬಿಬ್ಬರು ತಪ್ಪಿದರೂ ಕೆಲಸ ಕೆಡುವಂತಿದ್ದಿತು. ತತ್‌ಕ್ಷಣ ಜಾರಿಗೆ ಬೇಕಾದ ಮೂರನೆಯ ಎರಡು ಪಾಲಿನ ಬಹುಮತವಂತೂ ಎಟುಕದೆ, ರದ್ದತಿಯು 2024ರ ಫೆಬ್ರವರಿ 13ರವರೆಗೆ ಕಾಯಬೇಕಾಯಿತು. ಹತ್ತು ವರ್ಷಗಳ ಹಿಂದೆ ತಾವು ಖಂಡಿಸಿದ್ದ ಅನುದಾನದ ಉಪಾಯವನ್ನು ಡೆಮಾಕ್ರಾಟರೂ ಅನುಸರಿಸಿದರೆಂಬುದನ್ನು ಇಲ್ಲಿ ಮರೆಮಾಚಲಾಗದು. ಈ ಮತಪಟ್ಟಿಯಲ್ಲಿ ಪರಿಚಿತ ಹೆಸರನ್ನು ಅರಸುವ ಕನ್ನಡಿಗನಿಗೆ ನಿರಾಶೆಯಾದೀತು: ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು, ಡೆಟ್ರಾಯಿಟಿನಿಂದ ಆ ಕೆಳಮನೆಗೆ ಆಯ್ಕೆಯಾಗಿದ್ದ ಶ್ರೀ ಥಾನೇದಾರರು ಅದೇ ಜನವರಿಯಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಹೋಗಿಯಾಗಿದ್ದಿತು.

ಇಲಿನಾಯ್ಸ್ ಶಾಸಕರು ಈ ನಡುವೆ ವಿಚಿತ್ರವಾದ ಮತವೊಂದನ್ನು ಚಲಾಯಿಸಿದ್ದರು. ಸಾಮೂಹಿಕ ಚೌಕಾಸಿಯ ಹಕ್ಕನ್ನು ಕುಗ್ಗಿಸುವ ಯಾವ ಶಾಸನವನ್ನೂ ತಾವಾಗಲಿ ತಮ್ಮ ತರುವಾಯದವರಾಗಲಿ ಮಾಡಕೂಡದೆಂಬ ಸಂವಿಧಾನ ತಿದ್ದುಪಡಿಯನ್ನು 2021ರ ಮೇ ತಿಂಗಳಿನಲ್ಲಿ ಸೆನೆಟು 49ಕ್ಕೆ 7ರಂತೆ, ಕೆಳಮನೆ 80ಕ್ಕೆ 30ರಂತೆ ಒಪ್ಪಿ, ತಮ್ಮ ಕೈಗಳನ್ನು ತಾವೇ ಕಟ್ಟಿಕೊಂಡುವು. 2022ರ ನವೆಂಬರಿನಲ್ಲಿ ಅದು ಜನರ ಮುಂದೆ ಬಂದಿತು. ಆ ಪ್ರಶ್ನೆಗೆ ಉತ್ತರಿಸಿದವರಲ್ಲಿ ನೂರಕ್ಕೆ 60 ಮಂದಿ ಒಪ್ಪಬೇಕು, ಇಲ್ಲವೇ ಆ ಚುನಾವಣೆಯಲ್ಲಿ ಮತವಿತ್ತವರೆಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು ಎಂಬುದು ನಿಯಮ. ಒಪ್ಪಿದವರು 59ರ ಸಮೀಪಕ್ಕೆ ಬಂದು ನಿಂತರು, ಮೊದಲನೆಯ ಅಳತೆಗೆ ಸಾಲಲಿಲ್ಲ. ಪ್ರಶ್ನೆಯನ್ನು ಖಾಲಿ ಬಿಟ್ಟವರನ್ನೂ ವಿರೋಧಿಗಳ ಜೊತೆಗೆ ಎಣಿಸುವ ಎರಡನೆಯ ಅಳತೆಯಿಂದ ನೂರಕ್ಕೆ 53ರಷ್ಟಾಗಿ, ತಿದ್ದುಪಡಿಯು ಸಂವಿಧಾನದ ಭಾಗವಾಯಿತು.