ಮರದ ಗೋಡೆಯೊಳಗಿನ ತಂತಿ

ಅಮೆರಿಕದ ಮರದ ಮನೆಗಳಿಗೆ 1880ರ ದಶಕದಲ್ಲಿ ವಿದ್ಯುತ್ ಬಂದಾಗ ಗೋಡೆಯೊಳಗಿನ ತಂತಿಗೆ ಕಾವಲಾದದ್ದು ಪಿಂಗಾಣಿ. ಗೋಡೆಯ ಮರದ ಕಂಬಗಳಿಗೆ ತೂತು ಕೊರೆದು, ಪಿಂಗಾಣಿ ಕೊಳವೆ ತೂರಿಸಿ, ಅದರೊಳಗೆ ತಂತಿ ಎಳೆಯುತ್ತಿದ್ದರು. ಕಂಬದ ಉದ್ದಕ್ಕೆ ಸಾಗುವಲ್ಲಿ ಪಿಂಗಾಣಿ ಗುಬುಟುಗಳೇ ಆಸರೆ. ಫೇಸ್, ನ್ಯೂಟ್ರಲ್ ತಂತಿಗಳು ಅಂತರ ಕಾಯ್ದುಕೊಂಡು ಬೇರೆಬೇರೆಯಾಗಿ ಓಡುತ್ತಿದ್ದವು. ಸುತ್ತಲಿನ ಗಾಳಿಯೇ ಅವನ್ನು ತಂಪಾಗಿಡುತ್ತಿತ್ತು. ಅರ್ಥಿಂಗ್ ಮಾತ್ರ ಇರಲಿಲ್ಲ. ಜಾಣ ವ್ಯವಸ್ಥೆಯೇ ಸರಿ, ಆದರೆ ಕೂಲಿ ದುಬಾರಿ. 1920ರ ದಶಕದಲ್ಲಿ ಎರಡೂ ತಂತಿಗಳನ್ನು ಒಂದೇ ಹೊದಿಕೆಯಲ್ಲಿ ಸೇರಿಸಿದ ಕೇಬಲ್ ಬಂದು ಪಿಂಗಾಣಿಯನ್ನು ಕ್ರಮೇಣ ಬದಿಗೊತ್ತಿತು. ಹಳೆಯ ಗೋಡೆಗಳಿಗೆ ಆಮೇಲೆ ಶಾಖನಿರೋಧಕ ತುಂಬಿದಲ್ಲಿ ಗಾಳಿಯ ದಾರಿ ಮುಚ್ಚಿ ತಂತಿ ಕಾಯತೊಡಗಿತು. ಹೊಸ ಕೇಬಲ್‌ಗೆ ಮೊಳೆ, ಸ್ಕ್ರೂಗಳ ಭಯ. ಹಾಗಾಗಿ ತೂತು ಕಂಬದ ಅಂಚಿನಿಂದ ಕನಿಷ್ಠ 1¼ ಇಂಚು ಒಳಗಿರಬೇಕು, ಇಲ್ಲವಾದರೆ ಅಂಚಿಗೆ ಉಕ್ಕಿನ ತಗಡು ಹೊಡೆಯಬೇಕು ಎಂಬುದು ಅಲ್ಲಿನ ಈಗಿನ ನಿಯಮ.